ಟೊಂಕ ನೋವಿಗೆ ಮೊದಲ ಔಷಧ ಸ್ಕ್ಯಾನ್ ಅಲ್ರಿ

ಉಳ್ಳಾಗಡ್ಡಿ ಕಿತ್ತು ಮುಗಿಯೋದೇ ತಡ, ನಮ್ಮ ಕಡೆ ಟೊಂಕ ಹಿಡಕೊಂಡವರ ಪಾಳಿ ಸುರು ಆಗತೈತಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ಸಿನಿಂದ ಗದಗ-ಬೆಟಗೇರಿಗೆ ಇಳಿದ ಕೂಡಲೇ ಕೇಳೋದು ಒಂದೇ ಮಾತು: "ಎಂ.ಆರ್.ಐ. ಎಲ್ಲಿ ಮಾಡ್ತಾರ್ರಿ?" ಡಾಕ್ಟರ್ ಬ್ಯಾಡ ಅಂದ್ರ ಅವರಿಗೇ ಏನೂ ತಿಳಿಯಂಗಿಲ್ಲ ಅಂತೀವಿ. ಇದಕ್ಕ ನನ್ನ ಕಡ್ಡಾಯ ವಿರೋಧ ಐತಿ.

ರಿಪೋರ್ಟಿನಾಗ "ಡಿಸ್ಕ್ ಸವೆದೈತಿ, ಉಬ್ಬೈತಿ" ಅಂತ ಬಂದ್ರ ಮನಿ ಮಂದಿಯೆಲ್ಲಾ ಗಾಬರಿ. ಆದ್ರ 2015ರಾಗ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ನೋಡ್ರಿ: ಯಾವ ನೋವೂ ಇಲ್ಲದ 50ರ ವಯಸ್ಸಿನವರನ್ನ ಸ್ಕ್ಯಾನ್ ಮಾಡಿದ್ರ ಶೇ. 80 ಮಂದಿಗೆ ಡಿಸ್ಕ್ ಸವೆದಿರತೈತಿ, ಶೇ. 60 ಮಂದಿಗೆ ಉಬ್ಬಿರತೈತಿ. ತಲಿ ಬೆಳ್ಳಗಾದಂಗ ಅದು. ಫೋಟೋದಾಗ ಕಂಡದ್ದೆಲ್ಲಾ ನೋವಿನ ಮೂಲ ಅಲ್ಲ.

ಸಾದಾ ಟೊಂಕ ನೋವು ಬಹಳ ಮಂದಿಗೆ ಒಂದೂವರೆ ತಿಂಗಳೊಳಗ ಇಳಿಯತೈತಿ. ಹಾಸಿಗಿ ಹಿಡೀಬ್ಯಾಡ್ರಿ, ತಡಕೊಳ್ಳುವಷ್ಟು ಅಡ್ಡಾಡ್ರಿ. ಹಳೇ ನೋವಿಗೂ ವ್ಯಾಯಾಮ ಬೇಕು. ಬೆಲ್ಟು, ಟ್ರ್ಯಾಕ್ಷನ್ ಬ್ಯಾಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಾಗ ಸಲಹೆ ಕೊಟ್ಟೈತಿ. ವಾರಕ್ಕೊಂದು ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡ್ರ ಹೊಟ್ಟಿಗೆ ಹುಣ್ಣು, ಕಿಡ್ನಿಗೆ ಕುತ್ತು.

"ಹಂಗಾದ್ರ ಸ್ಕ್ಯಾನೇ ಬ್ಯಾಡೇನು?" ಬೇಕು, ಕೆಲವರಿಗೆ. ಇವು ಇದ್ರ ಮನ್ಯಾಗ ಕುಂದ್ರಬ್ಯಾಡ್ರಿ:

– ಉಚ್ಚಿ, ಸಂಡಾಸ ಮ್ಯಾಲ ಹಿಡಿತ ತಪ್ಪಿದ್ರ, ಕುಂದ್ರೋ ಜಾಗ ಜೋಮು ಹಿಡಿದ್ರ, ಅವತ್ತೇ ದೊಡ್ಡ ಆಸ್ಪತ್ರಿಗೆ ಹೋಗ್ರಿ.
– ಕಾಲಿನ ಬಲ ಕಡಿಮಿ ಆಗಿ ಪಾದ ಎಳದಂಗ ಆದ್ರ.
– ಮ್ಯಾಲಿಂದ ಬಿದ್ದ ಮ್ಯಾಲ ನೋವು ಬಂದ್ರ, ಇಲ್ಲಾ ಮೊದಲು ಕ್ಯಾನ್ಸರ್ ಆಗಿದ್ರ.
– ಜ್ವರ, ರಾತ್ರಿ ಬೆವರು, ತೂಕ ಇಳಿಯೋದು. ಬೆನ್ನೆಲುಬಿಗೂ ಟಿ.ಬಿ. ಬರತೈತಿ.

ದನ, ಕುರಿ ಇದ್ದವರಿಗೆ ಇನ್ನೊಂದು ಮಾತು. ಕಂದು ಹಾಕಿದ ಆಕಳ ಮಾಸ ಬರಿಗೈಲೆ ತೆಗೆದಿದ್ರ, ಹಸಿ ಹಾಲು ಕುಡಿದಿದ್ರ ಅದನ್ನ ಡಾಕ್ಟರಿಗೆ ಹೇಳ್ರಿ. ಬ್ರುಸೆಲ್ಲಾ ರೋಗ ಮನುಷ್ಯಾರಿಗೂ ಹತ್ತತೈತಿ. ಬಿಟ್ಟು ಬಿಟ್ಟು ಜ್ವರ, ಟೊಂಕ ನೋವು ಅದರ ಲಕ್ಷಣ. ಅದಕ್ಕ ರಕ್ತ ಪರೀಕ್ಷೆ ಐತಿ.

ಮಲಗಿಸಿ ಕಾಲು ಎತ್ತಿ, ಹೆಬ್ಬೆರಳಿನ ಬಲ ನೋಡಿ, ಮೊಣಕಾಲು ತಟ್ಟಿ ನೋಡೋ ತಪಾಸಣೆ ತಾಲೂಕು ಆಸ್ಪತ್ರ್ಯಾಗೂ ಆಗತೈತಿ, ಗದಗ ಜಿಮ್ಸ್‌ನಾಗೂ ಆಗತೈತಿ. ಮೊದಲು ಅದನ್ನ ಮಾಡಿಸ್ರಿ.

ಕಡೀ ಮಾತು ಕಹಿ ಐತಿ. ದಿನಾ ಬಗ್ಗಿ ನಮ್ಮ ಹೊಲದ ಕಸಾ ತೆಗಿಯೋ ಹೆಣ್ಮಕ್ಕಳ ಟೊಂಕಕ್ಕ ಒಂದು ಗುಳಿಗಿ, ನಮ್ಮ ಟೊಂಕಕ್ಕ ಎಂ.ಆರ್.ಐ.! ಆ ಸ್ಕ್ಯಾನಿನ ರೊಕ್ಕದಾಗ ಒಂದು ಸೈಕಲ್ ಎಡಿಕುಂಟಿ ತರ್ರಿ. ನಿಂತು ಕಸಾ ತೆಗೀಲಿ. ಅದೂ ಟೊಂಕದ ಔಷಧನೇ.