ಯಾತ್ರೆಯ ದಾರಿಯಲ್ಲಿ ಆನೆ ಆಸ್ಪತ್ರೆ: ಮಹಾದೇವಿ ಪ್ರಕರಣದ ನಂತರ ನಾವು ನೋಡಬೇಕಾದದ್ದು

ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಇದ್ದ ಆನೆ ಮಹಾದೇವಿಯನ್ನು 2025ರ ಜುಲೈ ಕೊನೆಯಲ್ಲಿ ಗುಜರಾತಿನ ಜಾಮ್‌ನಗರದ ವನತಾರಾ ಕೇಂದ್ರಕ್ಕೆ ಕಳುಹಿಸಲಾಯಿತು. ಜುಲೈ 16ರಂದು ಬಾಂಬೆ ಹೈಕೋರ್ಟ್ ಸ್ಥಳಾಂತರದ ಆದೇಶವನ್ನು ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟ್ ಕೂಡ ಅದನ್ನು ತಡೆಯಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರಕ್ಕೆ ಮೌನ ಮೆರವಣಿಗೆ ನಡೆಸಿದರು. ಗಡಿಯ ಈಚೆಗಿನ ಶ್ರಾವಕರಿಗೂ ಇದು ಮನೆಯ ಮಗಳನ್ನು ಕಳೆದುಕೊಂಡಂಥ ನೋವು.

ಆ ಪ್ರೀತಿ ನಿಜ. ಆನೆಯ ಪಾದದ ರೋಗ, ಬೆಳೆದ ಉಗುರು, ಸಂಧಿವಾತದ ಬಗ್ಗೆ ನ್ಯಾಯಾಲಯದ ಮುಂದಿದ್ದ ವರದಿಗಳನ್ನೂ ತಳ್ಳಿಹಾಕುವಂತಿಲ್ಲ. ಕಾಡಾನೆ ದಿನವಿಡೀ ಮಣ್ಣಿನ ಮೇಲೆ ನಡೆಯುವುದರಿಂದ ಅದರ ಉಗುರು ತಾನಾಗಿ ಸವೆಯುತ್ತದೆ. ಗಟ್ಟಿ ನೆಲದ ಮೇಲೆ ಸರಪಳಿಯಲ್ಲಿ ನಿಂತ ಆನೆಗೆ ಆ ಅವಕಾಶವಿಲ್ಲ. ಧಾರ್ಮಿಕ ಬಳಕೆಯ ಹಕ್ಕಿಗಿಂತ ಪ್ರಾಣಿಯ ಕ್ಷೇಮ ಮೊದಲು ಎಂದು ಹೈಕೋರ್ಟ್ ಹೇಳಿದ್ದು ಈ ಹಿನ್ನೆಲೆಯಲ್ಲಿ.

ಇದನ್ನು ವಾದದಿಂದ ತಿಳಿಯುವುದಕ್ಕಿಂತ ಕಣ್ಣಾರೆ ನೋಡಿ ತಿಳಿಯುವುದು ಸುಲಭ. ಉತ್ತರ ಭಾರತದ ತೀರ್ಥಯಾತ್ರೆಗೆ ಹೋಗುವ ನಮ್ಮವರು ಜಂಬೂಸ್ವಾಮಿಗಳ ನಿರ್ವಾಣಭೂಮಿ ಎನ್ನಲಾಗುವ ಮಥುರಾ ಚೌರಾಸಿಯ ದರ್ಶನ ಮಾಡುತ್ತಾರೆ. ಅದೇ ಜಿಲ್ಲೆಯ ಫರಾಹ್ ಬಳಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯ ಆನೆ ಆರೈಕೆ ಕೇಂದ್ರವಿದೆ. ದೇಶದ ಮೊದಲ ಆನೆ ಆಸ್ಪತ್ರೆ 2018ರಲ್ಲಿ ಆರಂಭವಾದದ್ದು ಇಲ್ಲಿಯೇ. ಸರ್ಕಸ್, ಭಿಕ್ಷಾಟನೆ, ಮದುವೆ ಮೆರವಣಿಗೆಗಳಲ್ಲಿ ದುಡಿದು ಬಂದ ಆನೆಗಳು ಇಲ್ಲಿವೆ. ಎಕ್ಸ್‌ರೇ, ನೀರಿನ ಕೊಳದ ಚಿಕಿತ್ಸೆ, ಪಾದಗಳ ನಿತ್ಯ ಆರೈಕೆ ನಡೆಯುತ್ತದೆ. ಮುಂಗಡ ಕಾಯ್ದಿರಿಸಿ ಹೋಗುವುದು ಒಳಿತು.

ಆದರೆ ‘ರಕ್ಷಣಾ ಕೇಂದ್ರ’ ಎಂಬ ಫಲಕವಿದ್ದ ಕಡೆಯೆಲ್ಲ ರಕ್ಷಣೆ ಇರುವುದಿಲ್ಲ. ಸವಾರಿ, ಆನೆಗೆ ಸ್ನಾನ ಮಾಡಿಸುವುದು, ಸೊಂಡಿಲು ಹಿಡಿದು ಫೋಟೊ ಇವುಗಳನ್ನು ಮಾರುವ ಸ್ಥಳ ಪ್ರವಾಸಿಗನಿಗಾಗಿ ಇರುವಂಥದ್ದು. ಪ್ರಾಣಿ ಎಲ್ಲಿಂದ ಬಂತು, ವೈದ್ಯರು ಯಾರು, ಮರಿಗಳನ್ನು ಹುಟ್ಟಿಸಿ ಪ್ರದರ್ಶಿಸುತ್ತಾರೆಯೇ ಎಂದು ಕೇಳಿ. ಒಳ್ಳೆಯ ಕೇಂದ್ರ ನಮ್ಮನ್ನು ದೂರದಲ್ಲೇ ನಿಲ್ಲಿಸುತ್ತದೆ. ಅದಕ್ಕೆ ಬೇಸರಪಡಬೇಕಿಲ್ಲ.

ಜನರ ಪ್ರತಿಭಟನೆಯ ನಂತರ ನಾಂದಣಿಯಲ್ಲೇ ಪುನರ್ವಸತಿ ಕೇಂದ್ರ ಕಟ್ಟಲು ನೆರವಾಗುವುದಾಗಿ ವನತಾರಾ ಹೇಳಿತು. ಅಂಥ ಕೇಂದ್ರವನ್ನು ಸಮಾಜ ಸ್ವಾಗತಿಸಬೇಕು, ಅದೇ ಪ್ರಶ್ನೆಗಳನ್ನು ಅಲ್ಲಿಯೂ ಕೇಳಬೇಕು. ಮಹಾದೇವಿ ಮರಳಿದರೆ ಮೆರವಣಿಗೆಗಾಗಿ ಮರಳಬಾರದು. ಮೃದು ನೆಲ, ನೀರು, ಜೊತೆಗಾರ ಆನೆ, ವೈದ್ಯರು ಅಲ್ಲಿದ್ದಾರೆ ಎಂಬ ಕಾರಣಕ್ಕೆ ಮರಳಬೇಕು. ತನ್ನ ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಕೂಗು ಕೇಳಿ ನೇಮಿನಾಥರು ರಥವನ್ನೇ ತಿರುಗಿಸಿದರು. ಸಂಭ್ರಮ ಯಾರದ್ದೆಂದು ಅವರು ನೋಡಲಿಲ್ಲ, ಸಂಕಟ ಯಾರದ್ದೆಂದು ನೋಡಿದರು.