ಮನೋವ್ಯಥೆಯೂ ಕೈಫೋನೂ

ಈಚೆಗೆ ವಿದ್ಯಾರ್ಥಿನಿಯೊಬ್ಬಳ ತಾಯಿಯು ಮಗಳ ಗೈರುಹಾಜರಿಯ ವಿಷಯವಾಗಿ ನಮ್ಮಲ್ಲಿಗೆ ಬಂದವರು, ತಮಗೇ ತಿಂಗಳಿಂದ ನಿದ್ರೆಯಿಲ್ಲವೆಂದೂ ಒಲೆ ಹೊತ್ತಿಸುವುದಕ್ಕೂ ಮನಸ್ಸು ಬಾರದೆಂದೂ ಹೇಳಿಕೊಂಡರು. ಮನೆಯವರು ಇದನ್ನು ಸೋಮಾರಿತನವೆಂದಿದ್ದರಂತೆ! ನಾವು ವೈದ್ಯರಲ್ಲ, ಆದಾಗ್ಯೂ ಇದು ಖಿನ್ನತೆಯೆಂಬ ರೋಗವಿರಬಹುದೆಂದು ನಮಗೆ ತೋರಿತು.

ಮನೋವೈದ್ಯರು ಹಳ್ಳಿಹಳ್ಳಿಗೆ ದೊರೆಯತಕ್ಕವರಲ್ಲ. ಆದಕಾರಣ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯವರು ಸಾಮಾನ್ಯ ಜನರನ್ನೇ ತರಬೇತು ಮಾಡಿದರು. ಅವರು ಆರರಿಂದ ಎಂಟು ಭೇಟಿಗಳಲ್ಲಿ ರೋಗಿಯೊಡನೆ ಮಾತನಾಡಿ, ನೆರೆಯವಳ ಸಂಗಡ ಹರಟೆ, ಹೂಗಿಡಕ್ಕೆ ನೀರು, ಇಂಥ ಕೈಬಿಟ್ಟ ಕೆಲಸಗಳನ್ನು ಮೆಲ್ಲಗೆ ಮರಳಿ ಹಿಡಿಸುವರು. ಇದರಿಂದ ಗುಣವುಂಟೆಂದು 2017ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. ತರುವಾಯ ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆಯರಿಗೆ ಇದೇ ವಿದ್ಯೆಯನ್ನು ಕೈಫೋನಿನ ಪಾಠಗಳಿಂದ ಕಲಿಸಲಾಯಿತು.

ಫೋನನ್ನು ಕಂಡರೆ ಮೂಗು ಮುರಿಯುವವರಾದ ನಾವೂ ಇದನ್ನು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ರೋಗಿಯ ಕೈಗೆ ಯಂತ್ರವನ್ನು ಕೊಟ್ಟು, ಪ್ರಶ್ನೆಗಳಿಗೆ ಉತ್ತರವನ್ನು ಒತ್ತೆಂದು ಬಿಟ್ಟುಬಿಡುವುದನ್ನು ಒಪ್ಪಲಾರೆವು. ಎಷ್ಟೋ ಮನೆಗಳಲ್ಲಿ ಫೋನು ತಾಯಿಯದೆಂಬುದು ಹೆಸರಿಗೆ ಮಾತ್ರ; ತೆರೆದು ನೋಡುವವರು ಗಂಡನೂ ಮಗನೂ. ಸಾಯುವ ಯೋಚನೆ ಬರುವುದುಂಟೆ ಎಂಬ ಪ್ರಶ್ನೆಗೆ ಅವಳು ಅಲ್ಲಿ ನಿಜವನ್ನು ಒತ್ತುವಳೆ? ಆಶಾ, ನರ್ಸು ಕೆಲಸಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಫೋನನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಪಕ್ಕದಲ್ಲಿ ಕುಳಿತು, ಪ್ರಶ್ನೆಯನ್ನು ತಾವೇ ಕೇಳಬೇಕು.

2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಣವಿಲ್ಲದೆ ಕರೆದು ಕನ್ನಡದಲ್ಲಿಯೇ ಮಾತನಾಡಬಹುದು. ಆ ತಾಯಿ ನಮ್ಮ ಕಚೇರಿಯ ಫೋನಿನಿಂದಲೇ ಕರೆದರು. ನಾವು ಬಾಗಿಲನ್ನು ಮುಚ್ಚಿ ಹೊರಗೆ ನಿಂತೆವು.