ಅಣ್ಣ ಜಾಸ್ತಿಯೋ, ತಂಗಿಯೋ?

‘ಸೂಪರ್‌ಮ್ಯಾನ್ ಜಾಸ್ತಿಯೋ, ಸೂಪರ್‌ಗರ್ಲ್ ಜಾಸ್ತಿಯೋ?’ ಅಂತ ಮಕ್ಕಳು ಕಾಮಿಕ್ಸ್ ಹಿಡಿದು ಜಗಳಕ್ಕೆ ನಿಂತರೆ, ‘ಅವನೇ ಕಣೇ, ಸುಮ್ಮನಿರು’ ಎಂದು ಮಗಳ ಬಾಯಿ ಮುಚ್ಚಿಸಬೇಡಿ.

ಇಬ್ಬರೂ ಕ್ರಿಪ್ಟಾನ್ ಗ್ರಹದವರು, ಅಣ್ಣತಮ್ಮಂದಿರ ಮಕ್ಕಳು. ಇಂಗ್ಲಿಷಿನಲ್ಲಿ ಬರೀ ಕಸಿನ್. ನಮ್ಮಲ್ಲಾದರೆ ಆಕೆ ತಂಗಿಯೇ. ನಮ್ಮ ಹಳದಿ ಸೂರ್ಯನಿಂದಲೇ ಇಬ್ಬರಿಗೂ ಶಕ್ತಿ. ಹಾರುವುದು, ಗೋಡೆಯಾಚೆ ನೋಡುವುದು, ಯಾವುದರಲ್ಲೂ ಆಕೆ ಕಡಿಮೆಯಿಲ್ಲ. ಹಾಗೆ ನೋಡಿದರೆ 1938ರಲ್ಲಿ ಬಂದ ಅಣ್ಣನಿಗೆ ಮೊದಮೊದಲು ಹಾರಲಿಕ್ಕೇ ಬರುತ್ತಿರಲಿಲ್ಲ, ಜಿಗಿಯುತ್ತಿದ್ದ ಅಷ್ಟೆ! 1959ರಲ್ಲಿ ಬಂದ ತಂಗಿ ಮೊದಲ ಕತೆಯಲ್ಲೇ ಹಾರಿದಳು. ಆದರೂ ಅವನು ಮಾಡಿದ್ದೇನು? ಅನಾಥಾಲಯಕ್ಕೆ ಸೇರಿಸಿ, ಶಕ್ತಿ ಯಾರಿಗೂ ಗೊತ್ತಾಗಬಾರದು ಅಂದ. ಹೊಂಬಣ್ಣದ ಕೂದಲಿಗೆ ಕಂದು ಟೋಪನ್ ಬೇರೆ! ಲೋಕಕ್ಕೆ ಪರಿಚಯಿಸಿದ್ದು 1962ರಲ್ಲಿ. ಅಷ್ಟು ಬಲವಿದ್ದೂ ಮೂರು ವರ್ಷ ಅಡಗಿ ಕೂರಬೇಕಾಯಿತು ನೋಡಿ. ನನಗಂತೂ ಮೈ ಉರಿಯಿತು.

2004ರ ಕತೆಯಲ್ಲಿ ಲೆಕ್ಕ ತಿರುವುಮುರುವು. ಆಕೆಯೇ ಮೊದಲು ಹುಟ್ಟಿದವಳು. ಕೂಸಾಗಿದ್ದ ಅವನನ್ನು ನೋಡಿಕೊಳ್ಳಲೆಂದೇ ಭೂಮಿಗೆ ಕಳಿಸಿದ್ದು. ದಾರಿಯಲ್ಲಿ ಸಿಕ್ಕಿಕೊಂಡು, ವಯಸ್ಸೇ ಏರದೆ ತಡವಾಗಿ ಬಂದಳು. ಅಂದಮೇಲೆ ತಂಗಿಯಲ್ಲ, ಅಕ್ಕ! ಇದನ್ನು ಮಗನಿಗೆ ಹೇಳಿ, ಅವನ ಮುಖ ನೋಡಿ.